ಹಡಗಿಗಾಗಿ ಕಾದ ಬಾಘಾ ಜತೀನ್

ಬಾಘಾ ಜತೀನ್ ಅಂದ ಕೂಡಲೇ ಮೊದಲು ಬರೋದು ಹುಲಿ. 1906ರಲ್ಲಿ ತನ್ನೂರು ಕಯಾ ಹತ್ತಿರ ಹುಲಿಯೊಂದಕ್ಕೆ ಎದುರಾಗಿ, ಬರೀ ಒಂದು ಚಾಕು ಹಿಡಿದು ಅದನ್ನು ಕೊಂದ ಯುವಕ. ಮೈತುಂಬ ಗಾಯವಾಗಿದ್ದ ಅವನನ್ನು ಕಲ್ಕತ್ತೆಯ ಸರ್ಜನ್ ಸುರೇಶ್ ಪ್ರಸಾದ್ ಸರ್ವಾಧಿಕಾರಿ ಬದುಕಿಸಿದರು. ಅಲ್ಲಿಂದ ಜತೀಂದ್ರನಾಥ್ ಮುಖರ್ಜಿ ಎಂಬ ಹೆಸರಿಗೆ ಹುಲಿ ಅಂಟಿಕೊಂಡಿತು. ಕ್ಯಾಲೆಂಡರ್ ಚಿತ್ರಕ್ಕೂ ವಾಟ್ಸ್ಯಾಪ್ ಫಾರ್ವರ್ಡಿಗೂ ಈ ಒಂದು ಕತೆ ಸಾಕು.

ನನಗೆ ಆತನ ಬದುಕಿನಲ್ಲಿ ಹುಲಿಗಿಂತ ಹೆಚ್ಚು ಕಾಡುವುದು ಎರಡು ಸಾಗಾಟಗಳು. ಒಂದರಲ್ಲಿ ಹತ್ತು ಪೆಟ್ಟಿಗೆ ದಾರಿಯಲ್ಲಿ ಮಾಯವಾದವು. ಇನ್ನೊಂದರಲ್ಲಿ ಇಡೀ ಸರಕು ಬರಲೇ ಇಲ್ಲ. ಮೊದಲನೆಯದರಿಂದ ಬಂಗಾಳದ ಕ್ರಾಂತಿಕಾರಿಗಳ ಕೈಗೆ ಪಿಸ್ತೂಲು ಬಂತು, ಎರಡನೆಯದರಿಂದ ಜತೀನ್ ಸತ್ತ. ನಾನು ಎಂಜಿನಿಯರಿಂಗ್ ಓದಿದವನು, ಹಾಗಾಗಿ ಕ್ರಾಂತಿಯ ಭಾಷಣಗಳಿಗಿಂತ ಅದರ ಸಾಮಾನು ಹೇಗೆ ಬಂತು, ಯಾರು ಹೊತ್ತರು, ಎಲ್ಲಿ ತಪ್ಪಿತು ಅನ್ನೋದರ ಕಡೆ ಕಣ್ಣು ಹೋಗುತ್ತೆ.

ಜತೀನ್ ಹುಟ್ಟಿದ್ದು 1879ರ ಡಿಸೆಂಬರಿನಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಕುಷ್ಟಿಯಾ ಕಡೆಯ ಕಯಾ ಹಳ್ಳಿಯಲ್ಲಿ. ಐದು ವರ್ಷಕ್ಕೇ ಅಪ್ಪ ತೀರಿಹೋದರು. ಅಮ್ಮ ಶರತ್‌ಶಶಿ, ಅಕ್ಕ ವಿನೋದಬಾಲಾ ಜೊತೆ ಸೋದರಮಾವಂದಿರ ಮನೆಯಲ್ಲಿ ಬೆಳೆದ. ಕೃಷ್ಣನಗರದಲ್ಲಿ ಶಾಲೆ, ಕಲ್ಕತ್ತೆಯಲ್ಲಿ ಕಾಲೇಜು. ಓದಿನ ಜೊತೆಗೆ ಶೀಘ್ರಲಿಪಿ, ಟೈಪಿಂಗ್ ಕಲಿತ. ಆ ಕಾಲದ ಮಧ್ಯಮ ವರ್ಗದ ಹುಡುಗನಿಗೆ ಇದು ಅನ್ನದ ದಾರಿ. ಮುಝಫ್ಫರ್‌ಪುರದಲ್ಲಿ ಪ್ರಿಂಗಲ್ ಕೆನಡಿ ಎಂಬ ಬ್ಯಾರಿಸ್ಟರ್ ಬಳಿ ಕೆಲಸ ಮಾಡಿ, ಆಮೇಲೆ ಬಂಗಾಳ ಸರ್ಕಾರದಲ್ಲಿ ಸ್ಟೆನೋಗ್ರಾಫರ್ ಆದ. ಹೌದು, ಬ್ರಿಟಿಷ್ ಸರ್ಕಾರವನ್ನು ಉರುಳಿಸಲು ಹೊರಟವನು ವರ್ಷಗಟ್ಟಲೆ ಅದೇ ಸರ್ಕಾರದ ಕಡತ ಟೈಪ್ ಮಾಡುತ್ತಿದ್ದ.

ಈ ಗುಮಾಸ್ತಗಿರಿಯನ್ನು ಜೀವನಚರಿತ್ರೆಗಳು ಎರಡು ಸಾಲಲ್ಲಿ ದಾಟಿಬಿಡುತ್ತವೆ. ಆದರೆ ಸಾಮ್ರಾಜ್ಯ ನಡೆಯುವುದು ಕಾಗದದ ಮೇಲೆ. ಅದನ್ನು ಒಳಗಿಂದ ನೋಡಿದವನಿಗೆ ಆ ಯಂತ್ರದ ಸಂದುಗಳೂ ಗೊತ್ತಿರುತ್ತವೆ.

1910ರ ಜನವರಿ 24ರಂದು ಕಲ್ಕತ್ತಾ ಹೈಕೋರ್ಟಿನಲ್ಲೇ ಪೊಲೀಸ್ ಅಧಿಕಾರಿ ಶಂಸುಲ್ ಆಲಂ ಕೊಲೆಯಾಯಿತು. ಮೂರು ದಿನದಲ್ಲಿ ಜತೀನ್ ಬಂಧನ. ಹೌರಾ ಪಿತೂರಿ ಪ್ರಕರಣದಲ್ಲಿ ಸುಮಾರು ಒಂದು ವರ್ಷ ಜೈಲಿನಲ್ಲಿದ್ದು 1911ರಲ್ಲಿ ಹೊರಬಂದಾಗ ಸರ್ಕಾರಿ ನೌಕರಿ ಹೋಗಿತ್ತು. ಆಮೇಲೆ ಗುತ್ತಿಗೆದಾರನಾಗಿ ಜೆಸ್ಸೂರ್ ಕಡೆ ರೈಲು ಹಳಿ ಹಾಕುವ ಕೆಲಸ ಹಿಡಿದ. ಊರೂರು ತಿರುಗಲು ಇದಕ್ಕಿಂತ ಒಳ್ಳೆ ನೆಪ ಯಾವುದಿತ್ತು?

ಜನ ಇದ್ದರು. ಇಲ್ಲದಿದ್ದದ್ದು ಬಂದೂಕು. 1878ರ ಶಸ್ತ್ರ ಕಾಯ್ದೆ ಬಂದಾಗಿನಿಂದ ಭಾರತೀಯನೊಬ್ಬ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ಕಳ್ಳದಾರಿಯಲ್ಲಿ ಒಂದೊಂದೇ ರಿವಾಲ್ವರ್ ಕೂಡಿಸಿಕೊಂಡು ಸಾಮ್ರಾಜ್ಯದ ಎದುರು ನಿಲ್ಲೋದಾದರೂ ಹೇಗೆ? ಅಷ್ಟರಲ್ಲಿ 1914ರ ಆಗಸ್ಟ್ ಬಂತು, ಯುರೋಪಿನಲ್ಲಿ ಯುದ್ಧ ಶುರುವಾಯಿತು. ಅದೇ ತಿಂಗಳ 26ರಂದು ಕಲ್ಕತ್ತೆಯ ಕಸ್ಟಮ್ಸ್ ಹೌಸಿನಲ್ಲಿ ಒಂದು ಕೆಲಸ ನಡೆಯಿತು.

ರೋಡ್ಡಾ ಅನ್ನೋದು ಬಂದೂಕು ವ್ಯಾಪಾರದ ಕಂಪನಿ. ಹಡಗಿನಲ್ಲಿ ಬಂದ ಸರಕನ್ನು ಕಸ್ಟಮ್ಸಿನಿಂದ ಬಿಡಿಸಿ ಗೋದಾಮಿಗೆ ಮುಟ್ಟಿಸುವುದು ಅದರ ಗುಮಾಸ್ತ ಶ್ರೀಶ್ ಮಿತ್ರನ ಕೆಲಸ. ಆ ದಿನ ಆತ ಬಿಡಿಸಿದ್ದು 202 ಪೆಟ್ಟಿಗೆ. ಏಳು ಎತ್ತಿನ ಗಾಡಿಗೆ ಹೇರಿಸಿದ. ಆರು ಗಾಡಿ ವ್ಯಾನ್ಸಿಟಾರ್ಟ್ ರೋದ ಗೋದಾಮಿಗೆ ಹೋದವು. ಅಲ್ಲಿ ಎಣಿಸಿದಾಗ 192. ಉಳಿದದ್ದನ್ನು ತರ್ತೀನಿ ಅಂತ ಹೇಳಿ ಹೊರಟ ಶ್ರೀಶ್ ಮತ್ತೆ ಬರಲಿಲ್ಲ. ಏಳನೇ ಗಾಡಿಯ ಗಾಡಿವಾನನ ವೇಷದಲ್ಲಿದ್ದದ್ದು ಹರಿದಾಸ್ ದತ್ತ ಎಂಬ ಕ್ರಾಂತಿಕಾರಿ. ಆ ಗಾಡಿ ಬೇರೆ ಗಲ್ಲಿಗೆ ತಿರುಗಿತ್ತು. ಒಂದು ಗುಂಡು ಹಾರಲಿಲ್ಲ, ಒಂದು ಬೀಗ ಒಡೆಯಲಿಲ್ಲ. ಕಾಗದಪತ್ರವೆಲ್ಲ ಸರಿಯಾಗಿದ್ದ ಸರಕು, ಸರಿಯಾದ ಗುಮಾಸ್ತನ ಕೈಯಿಂದಲೇ ಹೋಯಿತು. ಪೊಲೀಸರಿಗೆ ವಿಷಯ ತಲುಪಿದ್ದು ಮೂರು ದಿನ ಕಳೆದ ಮೇಲೆ.

ಆ ಹತ್ತು ಪೆಟ್ಟಿಗೆಯಲ್ಲಿದ್ದದ್ದು 50 ಮೌಸರ್ ಪಿಸ್ತೂಲು, 46,000 ತೋಟಾ. ಇದರ ಪ್ಯಾಕಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಮೌಸರ್ ಬರುತ್ತಿದ್ದದ್ದು ಒಂದು ಮರದ ಗೂಡಿನೊಳಗೆ. ಸಾಗಿಸುವಾಗ ಆ ಗೂಡು ಪಿಸ್ತೂಲಿಗೆ ಪೆಟ್ಟಾಗದಂತೆ ಕಾಯುತ್ತೆ. ಹೊರತೆಗೆದು ಹಿಡಿಗೆ ಸಿಕ್ಕಿಸಿದರೆ ಅದೇ ಗೂಡು ಹೆಗಲಿಗೆ ಆನಿಸಿಕೊಳ್ಳುವ ದಿಮ್ಮಿಯಾಗಿ, ಪಿಸ್ತೂಲು ಬಂದೂಕಿನಂತೆ ಕೆಲಸ ಮಾಡುತ್ತೆ. ಹೊದಿಕೆಯೇ ಆಯುಧದ ಅರ್ಧ ಭಾಗ. ಬಡ ಸಂಘಟನೆಗೆ ಇದಕ್ಕಿಂತ ಲಾಭದ ಸರಕು ಸಿಗುತ್ತಿರಲಿಲ್ಲ.

ಈ ಕೆಲಸದ ರೂವಾರಿ ಜತೀನ್ ಅಲ್ಲ, ಬಿಪಿನ್ ಬಿಹಾರಿ ಗಂಗೂಲಿ ಅವರ ಆತ್ಮೋನ್ನತಿ ಸಮಿತಿಯ ಗೆಳೆಯರು. ಪಿಸ್ತೂಲುಗಳು ಮಾತ್ರ ಒಂದೇ ಗುಂಪಿನ ಕೈಯಲ್ಲಿ ಉಳಿಯಲಿಲ್ಲ. ಸರ್ಕಾರಿ ಲೆಕ್ಕದ ಪ್ರಕಾರ 44 ಪಿಸ್ತೂಲು ಕೂಡಲೇ ಒಂಬತ್ತು ಗುಂಪುಗಳಿಗೆ ಹಂಚಿಹೋದವು. ಒಬ್ಬರ ಮುಖ ಒಬ್ಬರು ನೋಡದ ಗುಂಪುಗಳು ಒಂದೇ ಲೋಡಿನ ಪಾಲುದಾರರಾದವು. ಅವುಗಳಲ್ಲಿ ಹಲವನ್ನು ಜೊತೆಗೆ ತಂದವನಾಗಿ ಜತೀನ್ ಬೆಳೆದದ್ದೂ ಈ ಹೊತ್ತಿನಲ್ಲೇ.

ಕಂಪನಿಯ ಬಳಿ ಪ್ರತಿ ಪಿಸ್ತೂಲಿನ ನಂಬರ್ ಬರೆದಿಟ್ಟ ದಾಖಲೆ ಇತ್ತು. ಎಲ್ಲಿ ಯಾವ ಮೌಸರ್ ಸಿಕ್ಕರೂ ಪೊಲೀಸರು ನಂಬರ್ ಹೋಲಿಸಿ ನೋಡುತ್ತಿದ್ದರು. ಕೆಲವೇ ವರ್ಷಗಳಲ್ಲಿ 31 ಪಿಸ್ತೂಲು ವಾಪಸ್ ಸಿಕ್ಕಿದವು. 54 ದರೋಡೆ, ಕೊಲೆ, ಕೊಲೆಯತ್ನಗಳಲ್ಲಿ ಅವು ಬಳಕೆಯಾಗಿದ್ದವು ಅನ್ನುತ್ತೆ ಸರ್ಕಾರಿ ವರದಿ. ಆ 54ರಲ್ಲಿ ಸತ್ತವರು ಹೆಚ್ಚಿನವರು ಬಿಳಿಯರಲ್ಲ, ನಮ್ಮವರೇ. 1915ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಪಾಥುರಿಯಾಘಾಟಾದ ಮನೆಯೊಂದಕ್ಕೆ ಬಂದ ನೀರದ್ ಹಾಲ್ದಾರ್ ಎಂಬಾತ ಜತೀನನನ್ನು ಗುರುತು ಹಿಡಿದ ತಪ್ಪಿಗೆ ಗುಂಡೇಟು ತಿಂದು ಸತ್ತ. ಜತೀನನನ್ನು ಇಷ್ಟಪಡುವವರು ಈ ಪ್ರಸಂಗವನ್ನು ಹಾರಿಸಿ ಮುಂದೆ ಹೋಗ್ತಾರೆ. ನಾನು ಹಾರಿಸಲಾರೆ. ಆತನ ಧೈರ್ಯವನ್ನು ಒಪ್ಪಿಕೊಳ್ಳುವವರು ಈ ಸಾವನ್ನೂ ಎದುರಿಗಿಟ್ಟುಕೊಳ್ಳಬೇಕು.

ಐವತ್ತು ಪಿಸ್ತೂಲಿನಿಂದ ದಂಗೆ ಏಳುವುದಿಲ್ಲ ಅಂತ ಜತೀನನಿಗೂ ಗೊತ್ತಿತ್ತು. ಫೆಬ್ರವರಿಯಲ್ಲಿ ಗಾರ್ಡನ್ ರೀಚ್‌ನಲ್ಲಿ ಬರ್ಡ್ ಕಂಪನಿಯ 18,000 ರೂಪಾಯಿ ದೋಚಿದ್ದು ಮುಂದಿನ ದೊಡ್ಡ ವ್ಯವಹಾರದ ಖರ್ಚಿಗೆ. ಮಾರ್ಚ್ ಹೊತ್ತಿಗೆ ಜರ್ಮನಿ ಸಹಾಯ ಮಾಡುತ್ತೆ, ಬಟೇವಿಯಾಕ್ಕೆ ಅಂದರೆ ಈಗಿನ ಜಕಾರ್ತಕ್ಕೆ ಒಬ್ಬರನ್ನು ಕಳಿಸಿ ಅನ್ನೋ ಸುದ್ದಿ ಬಂತು. ಜತೀನ್ ತನ್ನ ನಂಬಿಕೆಯ ಹುಡುಗ ನರೇನ್ ಭಟ್ಟಾಚಾರ್ಯನನ್ನು ಸಿ. ಮಾರ್ಟಿನ್ ಎಂಬ ಹೆಸರಲ್ಲಿ ಕಳಿಸಿದ. ಕರಾಚಿಗೆ ಹೊರಟಿದ್ದ ಸರಕನ್ನು ಬಂಗಾಳಕ್ಕೆ ತಿರುಗಿಸಿ ಅಂತ ನರೇನ್ ಅಲ್ಲಿನ ಹೆಲ್ಫೆರಿಷ್ ಎಂಬ ಜರ್ಮನ್ ವ್ಯಾಪಾರಿಯನ್ನು ಒಪ್ಪಿಸಿದ. ಮ್ಯಾವರಿಕ್ ಎಂಬ ಹಡಗು, 30,000 ಬಂದೂಕು, ಒಂದೊಂದಕ್ಕೆ 400 ತೋಟಾ, ಜೊತೆಗೆ ಎರಡು ಲಕ್ಷ ರೂಪಾಯಿ. ಇದು ಕಲ್ಕತ್ತೆಗೆ ಸಿಕ್ಕ ಭರವಸೆ.

ಇತ್ತ ಕಲ್ಕತ್ತೆಯಲ್ಲಿ ಹ್ಯಾರಿ ಆ್ಯಂಡ್ ಸನ್ಸ್ ಎಂಬ ಬೋಗಸ್ ಕಂಪನಿ ಇತ್ತು. ಬಟೇವಿಯಾದಿಂದ ವ್ಯಾಪಾರದ ತಂತಿ, ವ್ಯಾಪಾರದ ದುಡ್ಡು. ಜೂನ್‌ನಿಂದ ಆಗಸ್ಟ್ ಒಳಗೆ 43,000 ರೂಪಾಯಿ ಬಂತು, ಪೊಲೀಸರಿಗೆ ಸುಳಿವು ಸಿಗುವ ಮೊದಲೇ 33,000 ಕೈಸೇರಿತು. ಇಳಿಸುವ ಜಾಗ ಸುಂದರಬನದ ರಾಯ್‌ಮಂಗಲ್. ಹಡಗು ರಾತ್ರಿ ಬರುತ್ತೆ, ಅಡ್ಡಡ್ಡ ಸಾಲಾಗಿ ತೂಗಿಸಿದ ದೀಪ ನೋಡಿ ಗುರುತು ಹಿಡಿಯಬೇಕು. ಸರಕು ಇಳಿಸಲು ಅಲ್ಲಿನ ಜಮೀನ್ದಾರನೊಬ್ಬ ಆಳು, ದೋಣಿ ಕೊಡಲು ಒಪ್ಪಿದ್ದ. ಆಯುಧ ಹಂಚಿದ ಮೇಲೆ ಮೂರು ರೈಲು ಮಾರ್ಗಗಳ ಸೇತುವೆ ಉರುಳಿಸಿ ಬಂಗಾಳಕ್ಕೆ ಸೈನ್ಯ ಬಾರದಂತೆ ತಡೆಯಬೇಕು. ಮದ್ರಾಸ್ ಕಡೆಯ ಮಾರ್ಗ ಜತೀನನ ಪಾಲಿಗೆ ಬಂತು, ಅದಕ್ಕೇ ಆತ ಒಡಿಶಾದ ಬಾಲಾಸೋರಿಗೆ ಹೋದದ್ದು. ಕಾಗದದ ಮೇಲೆ ಯೋಜನೆ ಚೆನ್ನಾಗಿತ್ತು. ಆದರೆ ಕಳಿಸುವವರು ಮತ್ತು ಪಡೆಯುವವರ ನಡುವೆ ಅರ್ಧ ಭೂಮಿಯೇ ಇತ್ತು.

ಅಮೆರಿಕದಲ್ಲಿ ಕೃಪ್ ಕಂಪನಿಯ ಪ್ರತಿನಿಧಿ ಹಾನ್ಸ್ ಟೌಷರ್ ಬಂದೂಕು ಕೊಂಡಿದ್ದ. ಅವು ಅಮೆರಿಕ ಸೇನೆಯ ಹಳೇ ಸ್ಪ್ರಿಂಗ್‌ಫೀಲ್ಡ್‌ಗಳು. ಬಂದೂಕು, ಕಾರ್ಬೈನ್ ಎಲ್ಲ ಸೇರಿ ಹತ್ತು ಹನ್ನೊಂದು ಸಾವಿರ, ತೋಟಾ ಸುಮಾರು 40 ಲಕ್ಷ. ಕಲ್ಕತ್ತೆಗೆ ಹೇಳಿದ್ದರ ಮೂರನೇ ಒಂದು ಪಾಲು. ಅದನ್ನು ಸ್ಯಾನ್ ಡಿಯಾಗೋದಲ್ಲಿ ಆ್ಯನಿ ಲಾರ್ಸನ್ ಎಂಬ ಹಾಯಿಹಡಗಿಗೆ ತುಂಬಿದರು. ಕಾಗದದಲ್ಲಿ ಬರೆದದ್ದು ಮೆಕ್ಸಿಕೋದ ಬಂದರು. ನಿಜದಲ್ಲಿ ಮೆಕ್ಸಿಕೋಗೆ ಸೇರಿದ ಸೊಕೊರೊ ಎಂಬ ಒಂಟಿ ದ್ವೀಪದ ಬಳಿ ಮ್ಯಾವರಿಕ್‌ಗೆ ಸರಕು ದಾಟಿಸಬೇಕಿತ್ತು. ಮ್ಯಾವರಿಕ್ ಎಣ್ಣೆ ಸಾಗಿಸುವ ಹಡಗು. ಬಂದೂಕುಗಳನ್ನು ಖಾಲಿ ಎಣ್ಣೆ ಟ್ಯಾಂಕಿಗಿಳಿಸಿ ಮೇಲೆ ಎಣ್ಣೆ ಸುರಿಯುವುದು, ತೋಟಾಗಳನ್ನು ಬೇರೆ ಟ್ಯಾಂಕಿನಲ್ಲಿಟ್ಟು ತೀರಾ ಅಪಾಯ ಬಂದರೆ ಮಾತ್ರ ಅದನ್ನೂ ಮುಳುಗಿಸುವುದು ಅಂತ ಪ್ಲ್ಯಾನ್. ಈ ಪ್ಯಾಕಿಂಗ್ ಮಾಡಿದವರಿಗೆ ತಲೆ ಇತ್ತು ಅನ್ನಿಸುತ್ತೆ. ಎಣ್ಣೆಯಲ್ಲಿ ಬಂದೂಕಿನ ಉಕ್ಕಿಗೆ ತುಕ್ಕು ಹಿಡಿಯುವುದಿಲ್ಲ, ತಪಾಸಣೆಗೆ ಬಂದವನ ಕಣ್ಣಿಗೂ ಬೀಳುವುದಿಲ್ಲ.

ತಪ್ಪಿದ್ದು ಭೇಟಿ. ಆ್ಯನಿ ಲಾರ್ಸನ್ 1915ರ ಮಾರ್ಚಿನಲ್ಲಿ ಸೊಕೊರೊ ತಲುಪಿ ಸುಮಾರು ಒಂದು ತಿಂಗಳು ಕಾಯಿತು. ಕುಡಿಯೋ ನೀರು ಮುಗಿಯುತ್ತಾ ಬಂದು, ಏಪ್ರಿಲ್ ಮಧ್ಯದಲ್ಲಿ ಮೆಕ್ಸಿಕೋ ತೀರದ ಕಡೆ ಹೊರಟಿತು. ಮ್ಯಾವರಿಕ್ ಬಂದದ್ದು ಏಪ್ರಿಲ್ ಕೊನೆಗೆ. ಒಂದು ಹೋಗಿತ್ತು, ಇನ್ನೊಂದು ಬಂದು ಖಾಲಿ ಸಮುದ್ರ ನೋಡುತ್ತಾ ನಿಂತಿತು. ಆ್ಯನಿ ಲಾರ್ಸನ್ ಮತ್ತೆ ಸೊಕೊರೊಗೆ ಬರಲು ಹೆಣಗಿತು, ಎದುರುಗಾಳಿ ಬಿಡಲಿಲ್ಲ. ಕೊನೆಗೆ ಜೂನ್ ಅಂತ್ಯಕ್ಕೆ ವಾಷಿಂಗ್ಟನ್ ರಾಜ್ಯದ ಹೊಕ್ವಿಯಂ ಬಂದರಿಗೆ ಹೋಗಿ ಸೇರಿತು, ಅಮೆರಿಕದ ಕಸ್ಟಮ್ಸ್ ಸರಕನ್ನೆಲ್ಲ ಜಪ್ತಿ ಮಾಡಿತು. ಮ್ಯಾವರಿಕ್ ಖಾಲಿ ಹೊಟ್ಟೆಯಲ್ಲೇ ಪೆಸಿಫಿಕ್ ದಾಟಿ ಜಾವಾ ತಲುಪಿತು. ವೈರ್‌ಲೆಸ್ ಇದ್ದ ಕಾಲ ಅದು. ಒಂದು ಹಾಯಿಹಡಗು, ನೀರಿಲ್ಲದ ಒಂದು ದ್ವೀಪ, ಮತ್ತು ದಿನ ತಪ್ಪಿದರೆ ಏನು ಮಾಡಬೇಕು ಅನ್ನೋದಕ್ಕೆ ಏನೂ ಇಲ್ಲ. ಇಷ್ಟು ದೊಡ್ಡ ವ್ಯವಹಾರ ಇಷ್ಟು ಸಣ್ಣದಕ್ಕೆ ಬಿತ್ತು.

ಸುಂದರಬನದಲ್ಲಿ ಅತುಲ್ ಘೋಷ್ ಕಳಿಸಿದ ಹುಡುಗರಿಗೆ ಇದ್ಯಾವುದೂ ಗೊತ್ತಿಲ್ಲ. ದೋಣಿಯಲ್ಲಿ ಹೋಗಿ ರಾಯ್‌ಮಂಗಲ್ ಹತ್ತಿರ ಹತ್ತು ದಿನ ಕೂತರು. ಜೂನ್ ಮುಗಿಯಿತು. ದೀಪವೂ ಇಲ್ಲ, ತಂತಿಯೂ ಇಲ್ಲ. ಜುಲೈ 3ಕ್ಕೆ ಬ್ಯಾಂಕಾಕ್‌ನಿಂದ ಒಬ್ಬ ಬಂದು, ಸಯಾಮಿನ ಜರ್ಮನ್ ಕಾನ್ಸುಲ್ 5,000 ಬಂದೂಕು ಕಳಿಸ್ತಿದ್ದಾರೆ ಅಂದ. ಇವರು ಅದನ್ನು ಮ್ಯಾವರಿಕ್‌ನ ಬದಲಿಗೆ ಬಂದ ಸರಕು ಅಂದುಕೊಂಡು, ಮೂಲ ಯೋಜನೆ ಬದಲಿಸಬೇಡಿ ಅಂತ ಹೇಳಿ ಕಳಿಸಿದರು. ಬೇಕಾದರೆ ಉಳಿದ ಸರಕನ್ನು ಇಳಿಸಿ ಅಂತ ಕೆಲವು ಜಾಗ ಸೂಚಿಸಿದರು: ಬಂಗಾಳ ಕೊಲ್ಲಿಯ ಹಾತಿಯಾ, ಬಾಲಾಸೋರ್, ಇಲ್ಲವೇ ಪಶ್ಚಿಮ ತೀರದಲ್ಲಿ ಕಾರವಾರದ ದಕ್ಷಿಣಕ್ಕಿರುವ ಗೋಕರ್ಣ. ಹೌದು, ನಮ್ಮ ಗೋಕರ್ಣವೇ. ಸರ್ಕಾರಿ ವರದಿಯಲ್ಲಿ ಅದರ ಹೆಸರು ನೋಡಿದಾಗ ನಾನು ಆ ಸಾಲನ್ನು ಎರಡು ಸಲ ಓದಿದೆ. ಅಲ್ಲಿಗೂ ಯಾವ ಹಡಗೂ ಬರಲಿಲ್ಲ ಬಿಡಿ.

ಅಷ್ಟರಲ್ಲಿ ಸುದ್ದಿ ಸೋರಿತ್ತು. ಜರ್ಮನ್ನರ ಏಜೆಂಟನೇ ಒಬ್ಬ ಸಿಂಗಾಪುರದಲ್ಲಿ ಬ್ರಿಟಿಷರಿಗೆ ಮಾರಿಕೊಂಡಿದ್ದ. ಆಗಸ್ಟ್ 7ರಂದು ಹ್ಯಾರಿ ಆ್ಯಂಡ್ ಸನ್ಸ್ ಮೇಲೆ ದಾಳಿಯಾಯಿತು. ಸೆಪ್ಟೆಂಬರ್ 4ಕ್ಕೆ ಅದರ ಬಾಲಾಸೋರ್ ಶಾಖೆ ಯೂನಿವರ್ಸಲ್ ಎಂಪೋರಿಯಂ, ಅಲ್ಲಿಂದ ಇಪ್ಪತ್ತು ಮೈಲಿ ದೂರದ ಕಪ್ತಿಪದದ ಅಡಗುತಾಣ. ಜತೀನ್ ಅಲ್ಲಿಂದ ತಪ್ಪಿಸಿಕೊಂಡಿದ್ದ. ಪೊಲೀಸರಿಗೆ ಅಲ್ಲಿ ಸಿಕ್ಕಿದ್ದು ಸುಂದರಬನದ ಒಂದು ನಕ್ಷೆ, ಮ್ಯಾವರಿಕ್ ಬಗ್ಗೆ ಪೆನಾಂಗ್‌ನ ಪತ್ರಿಕೆಯೊಂದರ ತುಣುಕು. ತನ್ನ ಸರಕು ಎಲ್ಲಿದೆ ಅನ್ನೋದನ್ನು ಜತೀನನ ಗುಂಪು ಬೇರೆ ದೇಶದ ಪೇಪರಿನಲ್ಲಿ ಓದಿ ತಿಳಿಯಬೇಕಾಗಿತ್ತು.

ಹತ್ತಿರವಿದ್ದ ಕೆಲವರು ಓಡಿಹೋಗು ಅಂದರೂ ಜತೀನ್ ಜೊತೆಯವರನ್ನು ಬಿಟ್ಟು ಹೋಗಲಿಲ್ಲ ಅನ್ನುತ್ತಾರೆ. ಚಿತ್ತಪ್ರಿಯ ರಾಯ್ ಚೌಧುರಿ, ಮನೋರಂಜನ್ ಸೇನ್‌ಗುಪ್ತ, ನೀರೇಂದ್ರ ದಾಸ್‌ಗುಪ್ತ, ಜ್ಯೋತಿಷ್ ಪಾಲ್ ಜೊತೆಗಿದ್ದರು. ಮಳೆ, ಕೆಸರು, ಹಸಿವು. ಹಳ್ಳಿಯವರು ಇವರನ್ನು ದರೋಡೆಕೋರರು ಅಂದುಕೊಂಡು ಬೆನ್ನು ಹತ್ತಿದರು. ಯಾರ ಬಿಡುಗಡೆಗಾಗಿ ಹೊರಟಿದ್ದರೋ ಅವರಿಗೇ ಇವರು ಯಾರೆಂದು ಗೊತ್ತಿರಲಿಲ್ಲ. ಗುಟ್ಟಿನ ಸಂಘಟನೆ ತೆರಬೇಕಾದ ಬೆಲೆ ಇದು, ಮತ್ತು ಹಡಗು ಬಂದಿದ್ದರೂ ಈ ಬೆಲೆ ಕಡಿಮೆಯಾಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಸೆಪ್ಟೆಂಬರ್ 9ರಂದು ಬುಡಿಬಾಲಂ ನದಿ ಹತ್ತಿರದ ಚಾಷಾಖಂಡದಲ್ಲಿ ಪೊಲೀಸರು ಸುತ್ತುವರಿದರು. ಐವರ ಕೈಯಲ್ಲಿದ್ದದ್ದು ಮೌಸರ್ ಪಿಸ್ತೂಲು, ಎದುರಿಗೆ ರೈಫಲ್. ಒಂದು ಗಂಟೆಗೂ ಮೀರಿ ಕಾದಾಡಿದರು. ಚಿತ್ತಪ್ರಿಯ ಅಲ್ಲೇ ಸತ್ತ. ಜತೀನ್ ಮರುದಿನ ಬಾಲಾಸೋರ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ವಯಸ್ಸು 35. ಮನೋರಂಜನ್, ನೀರೇಂದ್ರನಿಗೆ ಗಲ್ಲು, ಜ್ಯೋತಿಷ್ ಪಾಲ್‌ಗೆ ಅಂಡಮಾನ್.

ಹತ್ತು ಪೆಟ್ಟಿಗೆ ಮತ್ತು ಬಾರದ ಹಡಗಿನ ಈ ಕತೆಯನ್ನೆಲ್ಲ ಒಟ್ಟಿಗೆ ಬರೆದಿಟ್ಟದ್ದು ನ್ಯಾಯಮೂರ್ತಿ ರೌಲಟ್ ಅಧ್ಯಕ್ಷತೆಯ 1918ರ ಸಮಿತಿ. ಅದೇ ವರದಿಯನ್ನು ಕಾರಣ ಮಾಡಿಕೊಂಡು ಮರುವರ್ಷ ವಿಚಾರಣೆಯಿಲ್ಲದೆ ಬಂಧಿಸುವ ಕಾಯ್ದೆ ಬಂತು, ಅದರ ವಿರುದ್ಧದ ಚಳವಳಿಯ ನಡುವೆಯೇ ಜಲಿಯನ್‌ವಾಲಾ ಬಾಗ್ ನಡೆಯಿತು. ಕಳೆದುಹೋದ ಸರಕಿನ ಲೆಕ್ಕವನ್ನು ಸರ್ಕಾರ ತೀರಿಸಿಕೊಂಡಿದ್ದು ಹೀಗೆ, ಆ ಸರಕನ್ನು ಕಣ್ಣಲ್ಲೂ ನೋಡದ ಲಕ್ಷಾಂತರ ಜನರ ಮೇಲೆ.

ನರೇನ್ ಆಗಸ್ಟ್ 15ರಂದೇ ಮತ್ತೆ ಬಟೇವಿಯಾಕ್ಕೆ ಹೊರಟಿದ್ದ, ಆಯುಧ ತಂದೇ ತರ್ತೀನಿ ಅಂತ. ಬಾಲಾಸೋರಿನಲ್ಲಿ ಗುಂಡು ಹಾರುವಾಗ ಆತ ದೇಶದಲ್ಲಿರಲಿಲ್ಲ. ಪೂರ್ವ ಏಷ್ಯಾ ಸುತ್ತಿ, ಅಮೆರಿಕಕ್ಕೆ ಹೋಗಿ, ಅಲ್ಲಿ ಎಂ.ಎನ್. ರಾಯ್ ಎಂದು ಹೆಸರು ಬದಲಿಸಿಕೊಂಡ. 1917ರಲ್ಲಿ ಆತ ತಲುಪಿದ ದೇಶ ಮೆಕ್ಸಿಕೋ. ಆ್ಯನಿ ಲಾರ್ಸನ್‌ನ ಕಾಗದದಲ್ಲಿ ಸುಳ್ಳಾಗಿ ಬರೆದಿದ್ದ ಊರೂ ಅದೇ ದೇಶದ್ದು. ಅಲ್ಲಿ ಆತ ಕಟ್ಟಿದ್ದು ಕಮ್ಯುನಿಸ್ಟ್ ಪಕ್ಷ.