ಗುಲಾಬಿ ಮುಳ್ಳು ಮತ್ತು ಮೆಚ್ನಿಕಾಫ್

ಒಂಬತ್ತನೇ ತರಗತಿಗೆ ರೋಗನಿರೋಧಕ ಶಕ್ತಿಯ ಪಾಠ ಮಾಡುವಾಗ ಪೀಠಿಕೆಗೆಂದು ನಾನು ಆರಿಸಿಕೊಂಡದ್ದು ಇಲ್ಯಾ ಮೆಚ್ನಿಕಾಫ್ ಅವರ ಜೀವನವನ್ನು.

ಇವರು ಹುಟ್ಟಿದ್ದು 1845ರಲ್ಲಿ, ಇಂದಿನ ಉಕ್ರೇನಿನ ಖಾರ್ಕಿವ್ ಸಮೀಪದ ಹಳ್ಳಿಯಲ್ಲಿ. ಓದಿದ್ದು ಪ್ರಾಣಿಶಾಸ್ತ್ರ, ವೈದ್ಯರಲ್ಲ. 1873ರಲ್ಲಿ ಮೊದಲ ಪತ್ನಿ ಕ್ಷಯದಿಂದ ತೀರಿಕೊಂಡಾಗ ಬದುಕೇ ಬೇಡವೆಂಬಷ್ಟು ಕುಸಿದಿದ್ದರು. ತರಗತಿಯಲ್ಲಿ ಇದನ್ನು ಒಂದೇ ಮಾತಿನಲ್ಲಿ ದಾಟಿಸಿದೆ.

ಮಕ್ಕಳು ಕಿವಿಗೊಟ್ಟು ಕೇಳಿದ್ದು 1882ರ ಪ್ರಸಂಗವನ್ನು. ಆಗ ಇಟಲಿಯ ಮೆಸ್ಸಿನಾದಲ್ಲಿದ್ದರು. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಇವರೊಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕುಳಿತು ನಕ್ಷತ್ರಮೀನಿನ ಪಾರದರ್ಶಕ ಲಾರ್ವಾದೊಳಗೆ ಅಲೆದಾಡುವ ಕೋಶಗಳನ್ನು ನೋಡುತ್ತಿದ್ದರು. ಹೊರಗಿನಿಂದ ಏನಾದರೂ ಒಳಹೊಕ್ಕರೆ ಈ ಕೋಶಗಳು ಅದನ್ನು ಮುತ್ತುತ್ತವೆಯೇ ಎಂಬ ಯೋಚನೆ ಬಂತು. ತೋಟದ ಗುಲಾಬಿ ಗಿಡದಿಂದ ಮುಳ್ಳು ಕಿತ್ತು ತಂದು ಲಾರ್ವಾಗಳಿಗೆ ಚುಚ್ಚಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ನೆರೆದಿದ್ದವು! ಗಾಯ ಊದಿ ಕೆಂಪಾಗುವ ಉರಿಯೂತ ದೇಹದ ರಕ್ಷಣಾಕ್ರಮ ಎಂದು ಅವರು ವಾದಿಸಿದರು. ವಿರೋಧಿಗಳು ಬಹಳವಿದ್ದರು. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದರು. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಹಂಚಿಕೊಂಡರು.

ಇಲ್ಲಿಗೆ ಬಂದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ನಿಫಾ ವೈರಸ್ ಇದ್ದರೂ ಬಾವಲಿಗೇಕೆ ಕಾಯಿಲೆ ಬರುವುದಿಲ್ಲ ಎಂದು ಕೇಳಿದಳು. ಬಾವಲಿಗಳಿವೆಯೆಂದು ಅವರ ಮನೆ ಹತ್ತಿರದ ಆಲದ ಮರ ಕಡಿಸುವ ಮಾತು ನಡೆದಿತ್ತಂತೆ. ಪಾಠಯೋಜನೆಯಲ್ಲಿ ಇದಕ್ಕೆ ಉತ್ತರ ಬರೆದುಕೊಂಡಿರಲಿಲ್ಲ. ಬಾವಲಿಯ ರಕ್ಷಣಾ ಸೈನ್ಯ ನಮ್ಮದಕ್ಕಿಂತ ಜೋರಾಗಿ ಹೋರಾಡುತ್ತದೆ ಎಂದುಬಿಟ್ಟೆ.

ರಾತ್ರಿ ಓದಿದಾಗ ನನ್ನ ತಪ್ಪು ತಿಳಿಯಿತು. ಬಾವಲಿಯ ದೇಹ ಇಂಟರ್‌ಫೆರಾನ್‌ಗಳ ನೆರವಿನಿಂದ ವೈರಸ್ ಹೆಚ್ಚದಂತೆ ತಡೆಯುತ್ತದೆ, ನಿಜ. ಆದರೆ ಉರಿಯೂತ ಎಬ್ಬಿಸುವ ಕೆಲವು ಪ್ರೋಟೀನುಗಳು ಅದರಲ್ಲಿ ಮಂದವಾಗಿವೆ. ವೈರಸ್ ಒಳಗಿದ್ದರೂ ದೇಹ ತನ್ನನ್ನು ತಾನೇ ಸುಟ್ಟುಕೊಳ್ಳುವುದಿಲ್ಲ. ನಮ್ಮಲ್ಲಾದರೋ ನಿಫಾ ಮಿದುಳಿನ ಉರಿಯೂತಕ್ಕೇ ಕಾರಣವಾಗುತ್ತದೆ. ಅಂದರೆ ಮೆಚ್ನಿಕಾಫ್ ರಕ್ಷಣೆ ಎಂದದ್ದು ಮಿತಿಮೀರಿದರೆ ಅಪಾಯವೂ ಹೌದು.

ಸ್ವಾರಸ್ಯವೆಂದರೆ ಮುಪ್ಪಿನ ಕಾರಣ ಹುಡುಕುತ್ತಿದ್ದ ಮೆಚ್ನಿಕಾಫ್ ಹಣ್ಣುಬಾವಲಿಗಳ ಕರುಳನ್ನೂ ಪರೀಕ್ಷಿಸಿದ್ದರು. ಅಲ್ಲಿ ಸೂಕ್ಷ್ಮಜೀವಿಗಳು ತೀರಾ ಕಡಿಮೆ ಇರುವುದನ್ನು ಕಂಡು 1909ರಲ್ಲಿ ಪ್ರಕಟಿಸಿದರು. 1916ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು.

ಮರುದಿನ ತರಗತಿಯಲ್ಲಿ ನನ್ನ ಮಾತನ್ನು ತಿದ್ದಿದೆ. ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಮರ ಕಡಿದರೆ ಅವು ಇನ್ನೊಂದು ಮರಕ್ಕೆ ಹೋಗುತ್ತವೆ ಅಷ್ಟೇ ಎಂದೂ ಹೇಳಿದೆ. ಆ ಹುಡುಗಿ ಅದನ್ನು ಬರೆದುಕೊಂಡಳು. ಮರ ಏನಾಯಿತೆಂದು ತಿಳಿಯುವ ಮೊದಲೇ ನನ್ನ ಬೋಧನಾಭ್ಯಾಸದ ಅವಧಿ ಮುಗಿಯಿತು.