ಕರಿಹಲಗೆಯ ಮುಂದೆ ನಿಂತ ರಾಷ್ಟ್ರಾಧ್ಯಕ್ಷರು

ಇತಿಹಾಸ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಾನು ಮಕ್ಕಳಿಗೆ ಹಲವು ದೇಶಗಳ ನಾಯಕರ ಕಥೆ ಹೇಳಿದ್ದೇನೆ. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅವರಲ್ಲಿ ತುರ್ಕಿಯ ಮುಸ್ತಫಾ ಕೆಮಾಲ್ ಅತಾತುರ್ಕ್ ಅವರನ್ನೇ ಆರಿಸಿಕೊಂಡಿದ್ದೇನೆ. ಶಾಲೆಯ ಋಣವನ್ನು ಅವರಂತೆ ತೀರಿಸಿದವರು ವಿರಳ.

ಅವರು ಹುಟ್ಟಿದ್ದು 1881ರಲ್ಲಿ, ಇಂದು ಗ್ರೀಸ್‌ಗೆ ಸೇರಿರುವ ಸಲೋನಿಕಾದಲ್ಲಿ. ಸುಂಕದ ಇಲಾಖೆಯಲ್ಲಿದ್ದ ತಂದೆ ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ತಾಯಿಯೇ ಸಾಕಿದರು. ಸೈನಿಕ ಶಾಲೆಯ ಗಣಿತದ ಮೇಷ್ಟ್ರ ಹೆಸರೂ ಮುಸ್ತಫಾ. ಜಾಣ ಶಿಷ್ಯನಿಗೆ ಅವರೇ ಪರಿಪೂರ್ಣತೆ ಎಂಬ ಅರ್ಥದ ಕೆಮಾಲ್ ಎಂಬ ಹೆಸರನ್ನು ಸೇರಿಸಿದರೆಂಬುದು ಪ್ರಸಿದ್ಧ.

1915ರ ಗ್ಯಾಲಿಪೊಲಿ ಯುದ್ಧ ಅವರನ್ನು ಮನೆಮಾತಾಗಿಸಿತು. ಮೊದಲ ಮಹಾಯುದ್ಧದಲ್ಲಿ ಒಟ್ಟೋಮನ್ ಸಾಮ್ರಾಜ್ಯ ಸೋತು, ಗೆದ್ದವರು ನಾಡನ್ನು ಹಂಚಿಕೊಳ್ಳಲು ಹೊರಟರು. 1919ರ ಮೇ 19ರಂದು ಕೆಮಾಲ್ ಸಂಸುನ್ ಬಂದರಿನಲ್ಲಿಳಿದು ಹೋರಾಟ ಕಟ್ಟಿದರು. 1923ರ ಅಕ್ಟೋಬರ್ 29ರಂದು ಗಣರಾಜ್ಯ ಘೋಷಣೆಯಾಗಿ ಅವರೇ ಮೊದಲ ಅಧ್ಯಕ್ಷರಾದರು.

ಆಗ ದೇಶದಲ್ಲಿ ಓದುಬರಹ ಬಲ್ಲವರು ಶೇಕಡ 10ರ ಆಸುಪಾಸು. ಅರಬ್ಬೀ ಲಿಪಿ ತುರ್ಕಿ ಮಾತಿನ ಸ್ವರಗಳಿಗೆ ಹೊಂದುತ್ತಿರಲಿಲ್ಲ. 1928ರಲ್ಲಿ ಅವರು ಲ್ಯಾಟಿನ್ ಅಕ್ಷರಗಳ ಹೊಸ ವರ್ಣಮಾಲೆ ತಂದರು. ಬದಲಾವಣೆಗೆ ವರ್ಷಗಳೇ ಬೇಕೆಂದು ತಜ್ಞರು ಹೇಳಿದರೂ ಕೇಳದೆ ತಿಂಗಳುಗಳಲ್ಲೇ ಮುಗಿಸಿದರು. ಊರೂರಿಗೆ ಹೋಗಿ, ಸೀಮೆಸುಣ್ಣ ಹಿಡಿದು, ಜನರಿಗೆ ತಾವೇ ಅಕ್ಷರ ಕಲಿಸಿದರು. ದೊಡ್ಡವರಿಗಾಗಿ ರಾಷ್ಟ್ರದ ಶಾಲೆಗಳು ತೆರೆದವು. 1934ರಲ್ಲಿ ಮಹಿಳೆಯರು ಸಂಸತ್ತಿಗೆ ಮತ ಹಾಕುವ, ಸ್ಪರ್ಧಿಸುವ ಹಕ್ಕು ಪಡೆದರು.

ಗಣಿತದ ಮೇಷ್ಟ್ರ ಶಿಷ್ಯ ಕೊನೆಗಾಲದಲ್ಲಿ ಒಂದು ರೇಖಾಗಣಿತದ ಪುಸ್ತಕ ಬರೆದರು. 1937ರಲ್ಲಿ ಅಚ್ಚಾದ ಅದರಲ್ಲಿ ಅವರ ಹೆಸರೇ ಇರಲಿಲ್ಲ. ಮುಸಲ್ಲೆಸ್ ಎಂಬ ಅರಬ್ಬೀ ಮೂಲದ ಪದದ ಬದಲು ಉಚ್‌ಗೆನ್ ಎಂದರೆ ತುರ್ಕಿ ಹುಡುಗನಿಗೆ ಮೂರು ಎಂಬ ಅರ್ಥ ಪದದಲ್ಲೇ ಸಿಗುತ್ತದೆ. ನಮ್ಮ ಮಕ್ಕಳಿಗೆ ಮುಕ್ಕೋನ ಎಂದಂತೆ.

ಇದಕ್ಕೆಲ್ಲ ತೆತ್ತ ಬೆಲೆಯನ್ನೂ ಹೇಳಬೇಕು. ಅಜ್ಜ ಬರೆದ ಕಾಗದವನ್ನು ಮೊಮ್ಮಗ ಓದಲಾರದಾದ. 1930ರಲ್ಲಿ ಹುಟ್ಟಿದ ವಿರೋಧ ಪಕ್ಷ ಕೆಲವೇ ತಿಂಗಳಲ್ಲಿ ಮುಚ್ಚಿತು. ತುರ್ಕಿ ಭಾಷೆಗೆ ಅಷ್ಟು ದುಡಿದ ಸರ್ಕಾರವೇ ಕುರ್ದ್ ಜನರ ಭಾಷೆಯನ್ನು ಹತ್ತಿಕ್ಕಿತು. ತನ್ನ ನುಡಿಯನ್ನು ಪ್ರೀತಿಸುವವನು ಪಕ್ಕದವನ ನುಡಿಯನ್ನೂ ಉಳಿಯಗೊಡಬೇಕು. ಅಲ್ಲಿ ಅವರು ಸೋತರೆಂದೇ ನನ್ನ ಅಭಿಪ್ರಾಯ.

1938ರ ನವೆಂಬರ್ 10ರಂದು ಇಸ್ತಾಂಬುಲ್‌ನಲ್ಲಿ ಅವರು ತೀರಿಕೊಂಡರು. ತುರ್ಕಿಯ ಜನ ಇಂದಿಗೂ ಅವರಿಗೆ ಸೇನಾಪತಿಯ ಗೌರವದ ಜೊತೆಗೆ ಮುಖ್ಯೋಪಾಧ್ಯಾಯರ ಗೌರವವನ್ನೂ ಸಲ್ಲಿಸುತ್ತಾರೆ. ಅವರು ಮುಖ್ಯೋಪಾಧ್ಯಾಯರೆಂಬ ಬಿರುದು ಪಡೆದ ನವೆಂಬರ್ 24ನೇ ತಾರೀಕು ಅಲ್ಲಿ ಶಿಕ್ಷಕರ ದಿನ.