ಬೆರಳ ತುದಿಗೆ ಅಕ್ಷರ ತಂದ ಲೂಯಿ ಬ್ರೈಲ್

ಕೋವಿಡ್ ಕಾಲದಲ್ಲಿ ಪಾಠಗಳು ಮೊಬೈಲ್‌ಗೆ ಬಂದಾಗ ಕೊಡಗಿನ ಅನೇಕ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. 2021ರಲ್ಲಿ ಶನಿವಾರಸಂತೆ ಸಮೀಪದ ಮುಳ್ಳೂರು ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿ, ಅಲ್ಲಿಂದ ಮಕ್ಕಳಿಗೆ ಪಾಠ ಹೇಳಿದ್ದು ನಾಡಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಹೀಗೆ ಪಾಠವೇನೋ ಮನೆ ತಲುಪಿತು. ಆದರೆ ಪರದೆಯನ್ನು ನೋಡಲಾಗದ ಮಗುವಿನ ಗತಿಯೇನು? ಆ ಮಗುವಿಗಾಗಿಯೂ ಯಾರಾದರೂ ಮರ ಹತ್ತಬೇಕಾಗುತ್ತದೆ. ಲೂಯಿ ಬ್ರೈಲ್ ಅವರ ಜೀವನ ಈ ಮಾತಿಗೆ ಸಾಕ್ಷಿ.

ಲೂಯಿ ಬ್ರೈಲ್ 1809ರ ಜನವರಿ 4ರಂದು ಪ್ಯಾರಿಸ್ ನಗರದ ಪೂರ್ವಕ್ಕಿರುವ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಸಿಮೋನ್ ರೆನೆ ಕುದುರೆಗಳಿಗೆ ಜೀನು, ಚರ್ಮದ ಪಟ್ಟಿಗಳನ್ನು ಮಾಡುವ ಕಸುಬುದಾರ. ಮೂರು ವರ್ಷದ ಬಾಲಕ ಒಂದು ದಿನ ತಂದೆಯ ಕೆಲಸದ ಕೋಣೆಯಲ್ಲಿ ಚರ್ಮ ಚುಚ್ಚುವ ಚೂಪಾದ ಉಪಕರಣ ಹಿಡಿದು ಆಡುವಾಗ ಅದು ಕಣ್ಣಿಗೆ ತಗಲಿತು. ಗಾಯದ ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, ಐದನೇ ವಯಸ್ಸಿಗೆ ಅವರ ದೃಷ್ಟಿ ಪೂರ್ತಿ ಹೋಯಿತು.

ಆ ಕಾಲದಲ್ಲಿ ಕಣ್ಣು ಕಾಣದ ಬಡ ಮಕ್ಕಳಲ್ಲಿ ಹೆಚ್ಚಿನವರ ಪಾಲಿಗೆ ಉಳಿದಿದ್ದು ಭಿಕ್ಷೆಯೇ. ಆದರೆ ಈ ಬಾಲಕನ ಸುತ್ತ ಕೆಲವರು ಕೈ ಜೋಡಿಸಿದರು. ತಂದೆ ಹಲಗೆಯ ಮೇಲೆ ಮೊಳೆಗಳನ್ನು ಅಕ್ಷರದ ಆಕಾರದಲ್ಲಿ ಹೊಡೆದು ಮಗನ ಬೆರಳಿಗೆ ಅಕ್ಷರ ಕಲಿಸಿದರು. 1815ರಲ್ಲಿ ಊರಿಗೆ ಬಂದ ಧರ್ಮಗುರು ವಂದನೀಯ ಜಾಕ್ ಪಲುಯಿ ಹುಡುಗನ ಚುರುಕುತನವನ್ನು ಗುರುತಿಸಿ ತಾವೇ ಪಾಠ ಹೇಳಿಕೊಟ್ಟರು. ಶಾಲಾ ಶಿಕ್ಷಕ ಆಂಟ್ವಾನ್ ಬೆಶೆರೆ ಅವನನ್ನು ಇತರ ಮಕ್ಕಳ ಜೊತೆಗೇ ಕೂರಿಸಿಕೊಂಡರು. ಮುಂದೆ ಪ್ಯಾರಿಸ್‌ನಲ್ಲಿ ಅಂಧ ಮಕ್ಕಳಿಗೊಂದು ಶಾಲೆ ಇದೆಯೆಂದು ತಿಳಿದಾಗ ಗುರುಗಳು ಊರಿನ ಜಮೀನುದಾರರ ಮೂಲಕ ಪತ್ರ ಬರೆಸಿದರು. 1819ರ ಫೆಬ್ರವರಿಯಲ್ಲಿ ಹತ್ತು ವರ್ಷದ ಲೂಯಿ ವಿದ್ಯಾರ್ಥಿವೇತನ ಪಡೆದು ಆ ಶಾಲೆ ಸೇರಿದರು.

ಅಲ್ಲಿ ಉಬ್ಬು ಅಕ್ಷರಗಳ ಪುಸ್ತಕಗಳಿದ್ದವು. ಅವು ಬಲು ಭಾರ, ಓದುವುದು ಬಲು ನಿಧಾನ. ಆ ರೀತಿಯಲ್ಲಿ ಮಕ್ಕಳು ತಾವೇ ಬರೆಯುವಂತೆಯೂ ಇರಲಿಲ್ಲ. 1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬವರು ಹನ್ನೆರಡು ಚುಕ್ಕೆಗಳ ಬರಹವೊಂದನ್ನು ಶಾಲೆಗೆ ತಂದರು. ಒಂದು ಬೆರಳಿಗೆ ಅಷ್ಟು ಚುಕ್ಕೆ ಹಿಡಿಯುವುದಿಲ್ಲ, ಕಾಗುಣಿತಕ್ಕೆ ಅಲ್ಲಿ ಜಾಗವಿಲ್ಲ ಎಂದು ಲೂಯಿ ಕಂಡುಕೊಂಡರು. 1824ರಲ್ಲಿ, ಹದಿನೈದನೇ ವಯಸ್ಸಿಗೆ, ಆರು ಚುಕ್ಕೆಗಳಲ್ಲಿ 63 ಸಂಕೇತಗಳನ್ನು ಕೊಡಬಲ್ಲ ಲಿಪಿಯನ್ನು ರೂಪಿಸಿದರು. 1829ರಲ್ಲಿ ಅದು ಪುಸ್ತಕವಾಗಿ ಬಂತು. ಸಂಗೀತದ ಸ್ವರಗಳಿಗೂ ಅದರಲ್ಲಿ ಸ್ಥಾನವಿತ್ತು. ಅವರು ಪ್ಯಾರಿಸ್‌ನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು.

ಅದೇ ಶಾಲೆಯಲ್ಲಿ ಶಿಕ್ಷಕರಾದರೂ ಅವರ ಲಿಪಿಗೆ ಮನ್ನಣೆ ಸುಲಭವಾಗಿ ಸಿಗಲಿಲ್ಲ. ಕಣ್ಣಿದ್ದವರಿಗೆ ಅದು ಓದಲು ಬಾರದು ಎಂಬುದೇ ದೊಡ್ಡ ಆಕ್ಷೇಪ. 1840ರಲ್ಲಿ ಬಂದ ಹೊಸ ನಿರ್ದೇಶಕರು ಅದನ್ನು ತರಗತಿಯಿಂದ ಹೊರಗಿಟ್ಟರು. ವಿದ್ಯಾರ್ಥಿಗಳು ಮಾತ್ರ ಗುಟ್ಟಾಗಿ ಬರೆಯುತ್ತಲೇ ಇದ್ದರು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಂದು ಅದರ ಪ್ರಯೋಜನವನ್ನು ಎಲ್ಲರೆದುರು ತೋರಿಸಿದ ಮೇಲೆ ವಿರೋಧ ಕರಗಿತು. ಕ್ಷಯರೋಗದಿಂದ ಬಳಲುತ್ತಿದ್ದ ಬ್ರೈಲ್ 1852ರ ಜನವರಿ 6ರಂದು ತೀರಿಕೊಂಡರು. ಫ್ರಾನ್ಸ್ ಸರ್ಕಾರ ಲಿಪಿಯನ್ನು ಒಪ್ಪಿದ್ದು 1854ರಲ್ಲಿ. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಕನ್ನಡವೂ ಅದರಲ್ಲಿ ಸೇರಿದೆ.

ಇಂದು ಬ್ರೈಲ್ ಕಾಗದಕ್ಕಷ್ಟೇ ಸೀಮಿತವಲ್ಲ. ಪರದೆಯ ಅಕ್ಷರಗಳನ್ನು ಬೆರಳಿಗೆ ತಾಗುವ ಚುಕ್ಕೆಗಳಾಗಿ ಎಬ್ಬಿಸುವ ಉಪಕರಣಗಳಿವೆ. ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಗಟ್ಟಿಯಾಗಿ ಓದುತ್ತದೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಅದರ ಕೆಲಸ ಶುರು ಮಾಡಿದವರೂ ಅಂಧರೇ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಅಂಧ ಓದುಗರಿಗೆ ಆನ್‌ಲೈನ್‌ನಲ್ಲಿ ಪುಸ್ತಕ ಕೊಡುತ್ತದೆ. ಮೈಸೂರಿನ ತಿಲಕ್ ನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. ಬೆಂಗಳೂರಿನಲ್ಲಿ 1990ರಲ್ಲಿ ಸ್ಥಾಪನೆಯಾದ ಮಿತ್ರ ಜ್ಯೋತಿ ಸಂಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡ 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕೂ ಇದೆ.

ಇಷ್ಟೆಲ್ಲ ಇದ್ದರೂ ತೋಟದ ಲೈನ್‌ಮನೆಯ ತಾಯಿಗೆ ಇದರ ಸುದ್ದಿ ಹೇಳುವವರಿಲ್ಲದಿದ್ದರೆ ಫಲವೇನು? ವಂದನೀಯ ಪಲುಯಿ ಲಿಪಿ ಕಂಡುಹಿಡಿಯಲಿಲ್ಲ. ಶಾಲೆ ಎಲ್ಲಿದೆಯೆಂದು ವಿಚಾರಿಸಿ, ಪತ್ರ ಬರೆಸಿದರು. ನಮ್ಮ ಧರ್ಮಕೇಂದ್ರಗಳಲ್ಲೂ ಇದು ಸಾಧ್ಯ. ವಾಳೆಯ ಗುರಿಕಾರರು ಅಂತಹ ಮಗು ಇರುವ ಮನೆಯನ್ನು ಗುರುತಿಸಲಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೋ ಮಡಿಕೇರಿಯ ಅಂಗವಿಕಲರ ಕಲ್ಯಾಣ ಕಚೇರಿಯನ್ನೋ ಮನೆಯವರ ಜೊತೆಗೆ ಹೋಗಿ ಕಾಣಲಿ. ವಾಟ್ಸಾಪ್‌ನಲ್ಲಿ ಪಾಠ ಕಳುಹಿಸುವವರು ಪುಟದ ಫೋಟೊ ಬದಲು ಅಕ್ಷರಗಳನ್ನೇ ಟೈಪ್ ಮಾಡಲಿ. ಫೋಟೊದಲ್ಲಿರುವುದನ್ನು ಓದಿ ಹೇಳಲು ಫೋನು ಹಲವು ಬಾರಿ ತಡವರಿಸುತ್ತದೆ. ಟೈಪ್ ಮಾಡಿದ್ದನ್ನು ನೇರವಾಗಿ ಓದುತ್ತದೆ.

ಪ್ರತಿ ವರ್ಷ ಜನವರಿ 4 ವಿಶ್ವ ಬ್ರೈಲ್ ದಿನ. ಆ ದಿನ ಬರುವುದರೊಳಗೆ ನಮ್ಮ ಊರಿನ ಒಂದು ಮಗುವಿಗಾದರೂ ಪಾಠದ ದಾರಿ ತೆರೆಯಲಿ.